ಕೊಳವೆಯ ಎರಡು ತುದಿಗಳು

ಒಂದು ಲೀಟರು ಪೆಟ್ರೋಲನ್ನು ಸೀಸೆಯಲ್ಲಿ ತುಂಬಿ ಕೈಯಲ್ಲಿ ಹಿಡಿದು ನಡೆಯಬಹುದು. ಅಷ್ಟೇ ಶಾಖವನ್ನು ಕೊಡುವ ನೈಸರ್ಗಿಕ ಅನಿಲವನ್ನು ಸಾಮಾನ್ಯ ಒತ್ತಡದಲ್ಲಿ ಒಯ್ಯಬೇಕಾದರೆ ಸರಿಸುಮಾರು ಒಂದು ಘನ ಮೀಟರು, ಎಂದರೆ ಸಾವಿರ ಲೀಟರು ಹಿಡಿಸುವ ಪಾತ್ರೆ ಬೇಕು. ಯುರೋಪಿನ ರಾಜಕಾರಣದ ಎಷ್ಟೋ ತೊಡಕುಗಳು ಈ ವ್ಯತ್ಯಾಸದಿಂದಲೇ ಹುಟ್ಟಿದುವೆಂದರೆ ವಿದ್ಯಾರ್ಥಿಗಳು ಆಶ್ಚರ್ಯಪಡಬಹುದು.

ಈ ಅನಿಲದ ಬಹುಭಾಗ ಮೀಥೇನ್. ಅದನ್ನು ಸೊನ್ನೆಗಿಂತ 162 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಿದರೆ ದ್ರವವಾಗಿ, ಗಾತ್ರವು ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಆಗ ಹಡಗಿನಲ್ಲಿ ಕಳುಹಿಸಬಹುದು. ಆದರೆ ತಣಿಸುವ ಸ್ಥಾವರ, ವಿಶೇಷ ಹಡಗು, ಮತ್ತೆ ಅನಿಲವಾಗಿಸುವ ಬಂದರು ಎಲ್ಲಕ್ಕೂ ವೆಚ್ಚ ಅಪಾರ. ಇನ್ನೊಂದು ಮಾರ್ಗವೇ ಉಕ್ಕಿನ ಕೊಳವೆ.

ಕೊಳವೆಯೊಳಗೆ ಅನಿಲವು ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ. ಘರ್ಷಣೆಯಿಂದ ಒತ್ತಡವು ಕುಗ್ಗುತ್ತ ಹೋಗುವುದರಿಂದ, ನೆಲದ ಮೇಲಿನ ದೀರ್ಘ ಮಾರ್ಗಗಳಲ್ಲಿ ಸುಮಾರು ನೂರು-ನೂರೈವತ್ತು ಕಿಲೋಮೀಟರಿಗೊಮ್ಮೆ ಅದನ್ನು ಯಂತ್ರಗಳಿಂದ ಪುನಃ ಅದುಮಬೇಕು. ಬಾಲ್ಟಿಕ್ ಸಮುದ್ರದ ತಳದಲ್ಲಿ 2011ರಲ್ಲಿ ಆರಂಭವಾದ ನಾರ್ಡ್ ಸ್ಟ್ರೀಮ್ ಮಾರ್ಗದ 1,224 ಕಿಲೋಮೀಟರುಗಳ ನಡುವೆ ಇಂಥ ಠಾಣೆ ಒಂದೂ ಇರಲಿಲ್ಲ. ರಷ್ಯದ ತೀರದಲ್ಲಿಯೇ ವಾಯುಮಂಡಲದ ಒತ್ತಡದ ಸುಮಾರು 220ರಷ್ಟಕ್ಕೆ ಅದುಮಿ, ಒಂದೇ ಉಸಿರಿನಲ್ಲಿ ಜರ್ಮನಿಗೆ ನೂಕುತ್ತಿದ್ದರು.

ಇಷ್ಟು ಕಷ್ಟಪಟ್ಟು ಸಮುದ್ರವನ್ನೇಕೆ ಹೊಕ್ಕರು? ಕೊಳವೆ ಹಾದುಹೋಗುವ ದೇಶವೂ ವ್ಯವಹಾರದಲ್ಲಿ ಪಾಲುಗಾರನಾಗುತ್ತದೆ. ಪಶ್ಚಿಮ ಸೈಬೀರಿಯದ ಉರೆಂಗೊಯ್‌ನಿಂದ ಸುಮಾರು 4,500 ಕಿಲೋಮೀಟರು ಉದ್ದದ ಮಾರ್ಗವನ್ನು 1980ರ ದಶಕದಲ್ಲಿ ಹಾಕಿದಾಗ ಉಕ್ರೇನ್ ಸೋವಿಯತ್ ಒಕ್ಕೂಟದ ಅಂಗವಾಗಿತ್ತು; 1991ರಲ್ಲಿ ಸ್ವತಂತ್ರವಾಯಿತು. ಕೊಳವೆ ಮಾತ್ರ ಇದ್ದಲ್ಲಿಯೇ ಇತ್ತು. ದರ ಮತ್ತು ಬಾಕಿಯ ವಿವಾದ ಬೆಳೆದು, 2009ರ ಜನವರಿಯಲ್ಲಿ ಸುಮಾರು ಎರಡು ವಾರ ಹರಿವು ನಿಂತಿತು. ತಪ್ಪು ಯಾರದೆಂಬ ತೀರ್ಪು ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಸೇರಿದ್ದಲ್ಲ. ಆದರೆ ಜಗಳದಲ್ಲಿ ಪಾಲಿಲ್ಲದ ಬಲ್ಗೇರಿಯ, ಸ್ಲೊವಾಕಿಯದ ಜನರು ನಡುಚಳಿಗಾಲದಲ್ಲಿ ತೊಂದರೆಪಟ್ಟುದು ನಿಜ.

ಹರಿವಿನ ದಿಕ್ಕು ಒತ್ತಡವನ್ನು ಅವಲಂಬಿಸಿದೆಯಷ್ಟೆ? ಹಾಗಿದ್ದರೆ ಅದನ್ನು ತಿರುಗಿಸಲೂಬಹುದು. 2014ರಲ್ಲಿ ಸ್ಲೊವಾಕಿಯವು ಉಕ್ರೇನಿಗೆ ಪಶ್ಚಿಮದಿಂದ ಅನಿಲವನ್ನು ಕಳುಹಿಸತೊಡಗಿತು. ಇದಕ್ಕಿಂತ ಸುಂದರವಾದ ಪ್ರಯೋಗಪಾಠವನ್ನು ನಾವು ಕಂಡಿಲ್ಲ.

2021ರಲ್ಲಿ ಜರ್ಮನಿಯು ಆಮದು ಮಾಡಿಕೊಂಡ ಅನಿಲದ ಅರ್ಧಕ್ಕೂ ಹೆಚ್ಚು ರಷ್ಯದ್ದು. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿತು. ಸೆಪ್ಟೆಂಬರ್ 26ರಂದು ಬಾಲ್ಟಿಕ್ ಕೊಳವೆಗಳು ಸ್ಫೋಟದಿಂದ ಒಡೆದುವು. ಅದೇ ಡಿಸೆಂಬರಿನಲ್ಲಿ ಜರ್ಮನಿಯು ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ದ್ರವಾನಿಲದ ಬಂದರನ್ನು ತೆರೆಯಿತು. 2025ರ ಜನವರಿ 1ರಂದು ಉಕ್ರೇನಿನ ಮೂಲಕ ಸಾಗುತ್ತಿದ್ದ ರಷ್ಯದ ಅನಿಲವೂ ನಿಂತಿತು.

ಕೊಳ್ಳುವವನೊಬ್ಬನೇ ಪರಾಧೀನನೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಮಾರುವವನ ಸ್ಥಿತಿಯನ್ನೂ ನೋಡಬೇಕು. ಚೀನಕ್ಕೆ 2019ರ ಡಿಸೆಂಬರಿನಲ್ಲಿ ಆರಂಭವಾದ ಕೊಳವೆಗೆ ಅನಿಲ ಬರುವುದು ಪೂರ್ವ ಸೈಬೀರಿಯದ ನಿಕ್ಷೇಪಗಳಿಂದ. ಯುರೋಪಿಗೆಂದು ತೆರೆದ ಪಶ್ಚಿಮ ಸೈಬೀರಿಯದ ಬಾವಿಗಳಿಗೂ ಅದಕ್ಕೂ ಸಂಪರ್ಕವಿರಲಿಲ್ಲ. ಯುರೋಪಿನ ಗಿರಾಕಿ ಕೈಬಿಟ್ಟಾಗ ಆ ಅನಿಲವನ್ನು ಪೂರ್ವಕ್ಕೆ ತಿರುಗಿಸಲಾಗದೆ, ಬಾವಿಗಳ ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು.