ವೀಣೆಗೆ ಮಳೆಗಾಲ ದಾಟಿಸುವುದು

ಶೆಟ್ಟಿಕೊಪ್ಪದಂಥ ಮಲೆನಾಡಿನ ಊರಿನಲ್ಲಿ ವೀಣೆ ಕಲಿಯುವವರು ನುಡಿಸುವುದರ ಜೊತೆಗೇ ಅದಕ್ಕೆ ಮಳೆಗಾಲ ದಾಟಿಸುವುದನ್ನೂ ಕಲಿಯಬೇಕು. ಸರಳೆ, ಜಂಟಿವರಸೆಗಳನ್ನು ಗುರುಗಳು ಹೇಳಿಕೊಡುತ್ತಾರೆ. ಮಳೆಗಾಲ ದಾಟಿಸುವುದನ್ನು ನಾನು ಕಲಿತದ್ದು ವೀಣೆಯಿಂದಲೇ.

ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮರ ತೇವ ಕುಡಿಯುತ್ತದೆ. ಬಿರಡೆಗಳು ಉಬ್ಬಿ ಬಿಗಿದುಕೊಳ್ಳುತ್ತವೆ. ಜೋರು ಮಾಡಿ ತಿರುಗಿಸಿದರೆ ತಂತಿ ತುಂಡಾಗುತ್ತದೆ. ಅದೇ ಬಿರಡೆ ಬೇಸಗೆಯಲ್ಲಿ ಒಣಗಿ ಜಾರುತ್ತದೆ. ಆಗ ಚೂರು ಸೀಮೆಸುಣ್ಣ ಉಜ್ಜಿದರೆ ನಿಲ್ಲುತ್ತದೆ. ಸಾರಣಿ, ಪಂಚಮದ ಉಕ್ಕಿನ ತಂತಿಗಳಿಗೆ ತುಕ್ಕು ಬೇಗ. ಎಡಗೈ ಬೆರಳು ಸರಾಗ ಓಡಲೆಂದು ಹಚ್ಚಿದ ಕೊಬ್ಬರಿ ಎಣ್ಣೆ, ಬೆವರು ಎರಡನ್ನೂ ನುಡಿಸಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಬಿಡಬೇಕು.

ಎಲ್ಲಕ್ಕಿಂತ ಸೂಕ್ಷ್ಮ ಮೇಳ, ಅಂದರೆ ಮೆಟ್ಟಿಲುಗಳ ಜೋಡಣೆ. ವೀಣೆಯ 24 ಮೆಟ್ಟಿಲುಗಳು ಮೊಳೆ ಹೊಡೆದು ಕೂರಿಸಿದವಲ್ಲ. ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿ ಮಾಡಿದ ಕಪ್ಪು ಮೇಣದಲ್ಲಿ ಕೂತಿರುತ್ತವೆ. ಶೀತ ತಾಗದಿರಲೆಂದು ಸಾಮಾನುಗಳನ್ನು ಒಲೆಯ ಮೇಲಿನ ಅಟ್ಟಕ್ಕೇರಿಸುವುದು ನಮ್ಮ ಕಡೆಯ ರೂಢಿ. ವೀಣೆಗೆ ಅದು ಸಲ್ಲದು. ಬಿಸಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಸ್ವರ ತಗ್ಗಿದ್ದರೆ ತಂತಿ ಎಳೆದು ಸರಿದೂಗಿಸಬಹುದು. ಏರಿದ್ದರೆ ಇಳಿಸಲು ದಾರಿಯೇ ಇಲ್ಲ, ಎಳೆದಷ್ಟೂ ಅದು ಏರುತ್ತದೆ.

ಮೈಸೂರು ಬಾನಿಯವರಿಗಂತೂ ಮೇಳ ಸರಿಯಾಗಿರುವುದು ಬಹಳ ಮುಖ್ಯ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂದ ವಾದನಶೈಲಿ ಅದು. ಮೀಟು ಸ್ಪಷ್ಟ, ಸ್ವರಗಳು ಬಿಡಿಬಿಡಿ; ಹಾಗಾಗಿ ಮೇಳದ ತಪ್ಪು ಎದ್ದು ಕೇಳುತ್ತದೆ. ಅಯ್ಯಂಗಾರ್ಯರ ಧ್ವನಿಮುದ್ರಣಗಳನ್ನು ಕೇಳುತ್ತ ಹೋದಂತೆ ನನ್ನ ವೀಣೆಯ ತಾರಸ್ಥಾಯಿ ಕಿವಿಗೆ ಚುಚ್ಚತೊಡಗಿತು, ಮೇಳ ಕಟ್ಟಿಸಿದೆ. ಕಟ್ಟುವವರು ಮೆಟ್ಟಿಲನ್ನು ಮೇಣಕ್ಕೊತ್ತಿ, ಮೀಟಿ, ಕಣ್ಣುಮುಚ್ಚಿ ಕೇಳಿ, ಮತ್ತೆ ಒಂದಿಷ್ಟೇ ಸರಿಸುತ್ತಿದ್ದರು. ಒಂದು ಮೆಟ್ಟಿಲು ಒಪ್ಪಿಗೆಯಾಗದೆ ಮುಂದಿನದಕ್ಕೆ ಕೈ ಹಾಕಲಿಲ್ಲ. ಆ ತಾಳ್ಮೆಯನ್ನು ಪಕ್ಕದಲ್ಲಿ ಕೂತು ನೋಡುವುದೂ ಸಂಗೀತದ ಪಾಠವೇ.

ನವರಾತ್ರಿಯಲ್ಲಿ ಶೃಂಗೇರಿಯ ತಾಯಿ ವೀಣಾಶಾರದೆಯಾಗಿ ಅಲಂಕಾರಗೊಳ್ಳುವ ಸೀಮೆ ನಮ್ಮದು. ನಿಮ್ಮ ಮನೆಯಲ್ಲೂ ಅಜ್ಜಿ ನುಡಿಸುತ್ತಿದ್ದ ವೀಣೆ ಮೂಲೆ ಸೇರಿದ್ದರೆ, ಕೆಟ್ಟುಹೋಗಿದೆ ಎಂದು ಕೈಬಿಡಬೇಡಿ. ಅಪಸ್ವರ ಬರುತ್ತಿರುವುದು ಹೆಚ್ಚಾಗಿ ಮೇಣದ ದೋಷ, ಮರದ್ದಲ್ಲ. ಕೊಡ ಬಿರುಕು ಬಿಟ್ಟಿದೆಯೇ ಎಂದು ಮೊದಲು ನೋಡಿ. ಬಿಟ್ಟಿರದಿದ್ದರೆ, ಮಳೆ ಹಿಂದಾದ ಮೇಲೆ ಹೊಸ ತಂತಿ ಹಾಕಿಸಿ, ಮೇಳ ಕಟ್ಟಿಸಿ, ಮನೆಯ ಮಕ್ಕಳ ಕೈಗೆ ಕೊಡಿ.