ಮೊದಲು ಚರ್ಚೆ, ಆಮೇಲೆ ನಗು

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ದಾವಣಗೆರೆಯಲ್ಲಿ ಬಿ.ಕಾಂ. ಈಗ ಬೆಂಗಳೂರಿನಲ್ಲಿ, ಅಮೆರಿಕದ ಗ್ರಾಹಕರ ಲೆಕ್ಕಪತ್ರ ನೋಡುವ ಕಚೇರಿಯಲ್ಲಿದ್ದೇನೆ. ಅಲ್ಲಿನ ಚುನಾವಣಾ ಚರ್ಚೆಗಳನ್ನು ಅಣಕಿಸುವ ಹಾಸ್ಯದ ವಿಡಿಯೊಗಳನ್ನು ಸಹೋದ್ಯೋಗಿಗಳು ಹಂಚಿಕೊಂಡು ನಗುತ್ತಾರೆ. ಅರ್ಥವಾಗದಿದ್ದರೂ ನಾನೂ ಜೊತೆಗೆ ನಗುತ್ತೇನೆ. ಇಂಥವನ್ನು ನೋಡಿದರೆ ಇಂಗ್ಲಿಷ್ ಪದಗಳು ತಾವಾಗಿ ಬರುತ್ತವೆ ಎಂದು ಗೆಳತಿ ಹೇಳಿದ್ದರಿಂದ, ನೋಡುತ್ತ ನೋಟ್‌ಬುಕ್ ತುಂಬ ಪದ ಬರೆದುಕೊಂಡೆ. ಹೋದ ತಿಂಗಳು ಮೀಟಿಂಗ್‌ನಲ್ಲಿ ಒಂದು ವರದಿಯ ಅಂಕಿ ತಾಳೆಯಾಗಲಿಲ್ಲ. ನಾನು ಮ್ಯಾನೇಜರ್‌ಗೆ ‘ದಿಸ್ ಈಸ್ ಮಲಾರ್ಕಿ’ ಎಂದುಬಿಟ್ಟೆ. ಅವರ ಮುಖ ಬಿಗಿದುಕೊಂಡಿತು. ಅಂದಿನಿಂದ ಮೀಟಿಂಗ್‌ನಲ್ಲಿ ಬಾಯಿಯೇ ಬಿಟ್ಟಿಲ್ಲ. ನಾನು ಹಿಡಿದ ದಾರಿಯೇ ತಪ್ಪೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ದಾರಿ ತಪ್ಪಲ್ಲ, ತಂಗಿ. ಕ್ರಮ ಮಾತ್ರ ತಿರುವುಮುರುವಾಗಿದೆ. ನೀವು ಅಣಕವನ್ನು ಮೊದಲು ನೋಡಿದಿರಿ, ಅದು ಯಾವುದರ ಅಣಕವೋ ಅದನ್ನು ನೋಡಲೇ ಇಲ್ಲ. ಇದನ್ನು ಸರಿಪಡಿಸುವುದು ಕಷ್ಟವೇನಲ್ಲ.

ಮೊದಲಿಗೆ, ಅರ್ಥವಾಗದೆ ನಕ್ಕ ನಾಚಿಕೆಯನ್ನು ಕೆಳಗಿಡಿ. ಅದಕ್ಕೂ ಕನ್ನಡ ಮಾಧ್ಯಮಕ್ಕೂ ಸಂಬಂಧವಿಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕ ನೋಡಿ ನಮ್ಮ ಹಿರಿಯರು ಬಿದ್ದು ಬಿದ್ದು ನಗುತ್ತಿದ್ದರು. ಕನ್ನಡದ ನಿಘಂಟನ್ನೇ ಬಾಯಿಪಾಠ ಮಾಡಿದ ಪರಊರಿನವನೊಬ್ಬ ಪಕ್ಕದಲ್ಲಿ ಕೂತಿದ್ದರೂ ಅವನಿಗೆ ನಗು ಬರುತ್ತಿರಲಿಲ್ಲ, ಏಕೆಂದರೆ ಅಂದಿನ ಮಂತ್ರಿ ಯಾರು, ಹಗರಣ ಯಾವುದು ಎಂಬುದು ಅವನಿಗೆ ತಿಳಿದಿರುತ್ತಿರಲಿಲ್ಲ. ಅಮೆರಿಕದ ರಾಜಕೀಯ ಹಾಸ್ಯದ ಮುಂದೆ ನಿಮ್ಮ ಸ್ಥಿತಿಯೂ ಅದೇ. ಕೊರತೆ ಇರುವುದು ಸುದ್ದಿಯ ಹಿನ್ನೆಲೆಯಲ್ಲಿ, ನಿಮ್ಮ ಬುದ್ಧಿಯಲ್ಲಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ‘ಸ್ಯಾಟರ್ಡೇ ನೈಟ್ ಲೈವ್’ 1975ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ಹಾಸ್ಯ ಕಾರ್ಯಕ್ರಮ. ಮರುವರ್ಷವೇ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ಅವರ ಚರ್ಚೆಯನ್ನು ಅಣಕಿಸಿದ ಅದು, ಆಮೇಲೂ ಎಷ್ಟೋ ಚುನಾವಣೆಗಳಲ್ಲಿ ಆ ಕೆಲಸ ಮಾಡಿದೆ. 2000ದ ಅಕ್ಟೋಬರ್ 3ರಂದು ಬಾಸ್ಟನ್‌ನಲ್ಲಿ ಆ ಸಲದ ಅಭ್ಯರ್ಥಿಗಳಾದ ಅಲ್ ಗೋರ್ ಮತ್ತು ಜಾರ್ಜ್ ಬುಷ್ ಚರ್ಚೆಗೆ ನಿಂತರು. ಸಾಮಾಜಿಕ ಭದ್ರತೆಯ ಹಣವನ್ನು ಬೇರಾವುದಕ್ಕೂ ಬಳಸದೆ ಕಾದಿಡಬೇಕು ಎನ್ನಲು ಗೋರ್ ‘ಲಾಕ್‌ಬಾಕ್ಸ್’ ಎಂಬ ಪದವನ್ನು ಮತ್ತೆ ಮತ್ತೆ ಬಳಸಿದರು. ಬುಷ್ ಮಾತಾಡುವಾಗ ಮೈಕ್‌ಗೆ ಕೇಳುವಂತೆ ನಿಟ್ಟುಸಿರು ಬಿಟ್ಟರು. ಕೆಲವೇ ದಿನಗಳಲ್ಲಿ ಬಂದ ಅಣಕದಲ್ಲಿ ಡ್ಯಾರೆಲ್ ಹ್ಯಾಮಂಡ್ ಗೋರ್ ಆಗಿ ಅದೇ ನಿಟ್ಟುಸಿರು, ಅದೇ ಲಾಕ್‌ಬಾಕ್ಸ್ ತಂದರು. ಬುಷ್ ಪಾತ್ರದ ವಿಲ್ ಫೆರೆಲ್, ನಿಮ್ಮ ಉಮೇದುವಾರಿಕೆಯನ್ನು ಒಂದೇ ಪದದಲ್ಲಿ ಹೇಳಿ ಎಂದು ನಿರೂಪಕರು ಕೇಳಿದಾಗ ‘ಸ್ಟ್ರಾಟೀಜರಿ’ ಎಂದರು. ಎರಡನೇ ಚರ್ಚೆಗೆ ಮುನ್ನ ಗೋರ್ ಅವರ ಸಲಹೆಗಾರರು ಈ ಅಣಕವನ್ನೇ ಅವರಿಗೆ ತೋರಿಸಿದರು. ಜನರ ಕಣ್ಣಿಗೆ ತಾವು ಹೇಗೆ ಕಂಡೆವೆಂದು ಅವರಿಗೆ ತಿಳಿಯಲಿ ಎಂಬುದು ಉದ್ದೇಶ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬನ್ನಿ. ಈ ಅಣಕವನ್ನಷ್ಟೇ ನೋಡಿದವರು ಎರಡು ಪದಗಳನ್ನೂ ಒಂದರ ಕೆಳಗೊಂದು ಬರೆದುಕೊಳ್ಳುತ್ತಾರೆ. ಆದರೆ ಲಾಕ್‌ಬಾಕ್ಸ್ ನಿಜವಾದ ಪದ, ಲೆಕ್ಕಪತ್ರದ ಕೆಲಸದಲ್ಲಿ ನಿಮಗೇ ಎದುರಾಗಬಹುದು. ಸ್ಟ್ರಾಟೀಜರಿ ಎಂಬುದು ಬುಷ್ ಪದಗಳನ್ನು ತಡವರಿಸುತ್ತಿದ್ದುದನ್ನು ಆಡಿಕೊಳ್ಳಲು ಹಾಸ್ಯ ಬರಹಗಾರರು ಹುಟ್ಟಿಸಿದ್ದು. ಸರಿಯಾದ ಪದ ಸ್ಟ್ರಾಟಜಿ. ಮೂಲ ಚರ್ಚೆ ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗುತ್ತದೆ. 2016ರಲ್ಲಿ ಟ್ರಂಪ್ ‘ಬಿಗ್ ಲೀಗ್’ ಎಂದದ್ದು ಅನೇಕರಿಗೆ ‘ಬಿಗ್ಲಿ’ ಎಂದು ಕೇಳಿಸಿ, ಅದೂ ನಗೆಚಾಟಿಕೆಯಾಯಿತು. ಅದನ್ನು ಇಮೇಲ್‌ನಲ್ಲಿ ಬರೆದರೆ ಓದಿದವರು ಹುಬ್ಬೇರಿಸುತ್ತಾರೆ.

ನಿಮ್ಮನ್ನು ಕಷ್ಟಕ್ಕೆ ಸಿಕ್ಕಿಸಿದ ಪದದ ಕಥೆ ಬೇರೆ. ಮಲಾರ್ಕಿ ನಿಜವಾದ ಪದವೇ. ನಮ್ಮ ‘ಬೊಗಳೆ’ಗೆ ಹತ್ತಿರ. 2012ರ ಅಕ್ಟೋಬರ್ 11ರಂದು ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಜೋ ಬೈಡನ್ ಅದನ್ನು ಪಾಲ್ ರಯಾನ್ ಮೇಲೆ ಬಳಸಿದರು. ಆದರೆ ಗಮನಿಸಿ: ಅದಕ್ಕೂ ಮುಂಚೆ ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಎಂದು ಮೆತ್ತೆ ಹಾಸಿದರು. ಎದುರಿಗಿದ್ದವರು ಸರೀಕರು. ವೇದಿಕೆ ವಾಗ್ವಾದದ್ದು, ಅಲ್ಲಿ ಎದುರಾಳಿಯನ್ನು ಕೆಣಕುವುದೇ ಕೆಲಸ. ಪದವೂ ಹಳೇ ಕಾಲದ್ದು, ಅಮೆರಿಕದವರ ಕಿವಿಗೇ ಅಜ್ಜಂದಿರ ಮಾತಿನಂತೆ ಕೇಳುತ್ತದೆ. ಇದಿಷ್ಟನ್ನೂ ಬಿಟ್ಟು ಪದವೊಂದನ್ನೇ ಎತ್ತಿಕೊಂಡು ಹಿರಿಯರ ಮುಂದೆ ಇಟ್ಟಾಗ ಅದು ‘ನಿಮ್ಮದು ಬರೀ ಬೊಗಳೆ’ ಎಂದಂತಾಯಿತು. ಪದದ ಅರ್ಥ ತಿಳಿದರೆ ಅರ್ಧ ಕಲಿತಂತೆ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದು ಉಳಿದರ್ಧ.

ಇನ್ನು ಮುಂದೆ ಹೀಗೆ ಮಾಡಿ. ವಾರಕ್ಕೆ ಒಂದೇ ಅಣಕ ಸಾಕು. ಅದು ಯಾವ ಚರ್ಚೆಯದೆಂದು ಹುಡುಕಿ, ಆ ಚರ್ಚೆಯ ಒಂದೇ ಒಂದು ಪ್ರಶ್ನೋತ್ತರವನ್ನು ಮೊದಲು ಓದಿ. 1960ರಲ್ಲಿ ನಡೆದ ಕೆನಡಿ–ನಿಕ್ಸನ್ ಚರ್ಚೆಯಿಂದ ಹಿಡಿದು ಎಷ್ಟೋ ಚರ್ಚೆಗಳ ಅಕ್ಷರರೂಪ ಅಧ್ಯಕ್ಷೀಯ ಚರ್ಚಾ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಓದಿದ ಭಾಗವನ್ನೇ ಸಬ್‌ಟೈಟಲ್ ಹಾಕಿಕೊಂಡು, ಬೇಕಿದ್ದರೆ ವೇಗ ತಗ್ಗಿಸಿ ನೋಡಿ. ಕಲಿಯುವವರಿಗೆ ಚರ್ಚೆಯಷ್ಟು ಅನುಕೂಲದ ಸಾಮಗ್ರಿ ಕಡಿಮೆ. ಮಾತು ಚಿಕ್ಕ ಚಿಕ್ಕ ತುಂಡುಗಳಲ್ಲಿ ಬರುತ್ತದೆ: 2000ದ ಆ ಚರ್ಚೆಯಲ್ಲಿ ಒಬ್ಬರಿಗೆ ಎರಡು ನಿಮಿಷದ ಉತ್ತರ, ಇನ್ನೊಬ್ಬರಿಗೆ ಒಂದು ನಿಮಿಷದ ಪ್ರತ್ಯುತ್ತರ ಎಂಬ ನಿಯಮವಿತ್ತು. ತೆರಿಗೆ, ಆರೋಗ್ಯ, ಉದ್ಯೋಗ, ವಲಸೆ ಎಂದು ವಿಷಯಗಳೂ ಪದೇ ಪದೇ ಅವೇ ಬರುತ್ತವೆ. ಒಂದೇ ಪದ ಬೇರೆ ಬೇರೆ ಬಾಯಲ್ಲಿ ಬರುವುದರಿಂದ ಕಿವಿಯಲ್ಲಿ ಕೂರುತ್ತದೆ. ಅಣಕ ನೋಡುವುದು ಇದೆಲ್ಲ ಆದ ಮೇಲೆ. ಏನನ್ನು ಎಳೆದು ದೊಡ್ಡದು ಮಾಡಿದ್ದಾರೆಂದು ಆಗ ತಾನಾಗಿ ಕಾಣುತ್ತದೆ, ಸಿಕ್ಕ ನಗುವಿನ ಜೊತೆ ಪದವೂ ನೆನಪಿನಲ್ಲಿ ನಿಲ್ಲುತ್ತದೆ. ಹಾಸ್ಯದಿಂದ ಕಲಿಯುವುದರ ನಿಜವಾದ ಲಾಭ ಇದು.

ನೋಟ್‌ಬುಕ್ಕಿನ ಪುಟವನ್ನು ಗೆರೆ ಎಳೆದು ಮೂರು ಸಾಲಾಗಿ ಭಾಗಿಸಿ. ಮೊದಲ ಸಾಲು ಕಚೇರಿಯಲ್ಲೂ ನಡೆಯುವ ಪದಗಳಿಗೆ: ಪ್ರತ್ಯುತ್ತರಕ್ಕೆ ರಿಬಟಲ್, ಪ್ರಶ್ನೆಯಿಂದ ನುಣುಚಿಕೊಳ್ಳುವುದಕ್ಕೆ ಡಾಡ್ಜ್, ಈವರೆಗಿನ ಸಾಧನೆಗೆ ಟ್ರ್ಯಾಕ್ ರೆಕಾರ್ಡ್. ಎರಡನೆಯದು ರಾಜಕೀಯ ಸುದ್ದಿಗೆ ಬೇಕಾದವುಗಳಿಗೆ: ಯಾವ ಪಕ್ಷದ ಕಡೆಗೂ ವಾಲಬಹುದಾದ ರಾಜ್ಯಕ್ಕೆ ಸ್ವಿಂಗ್ ಸ್ಟೇಟ್, ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಗೆ ರನ್ನಿಂಗ್ ಮೇಟ್, ಬಾಯ್ತಪ್ಪಿ ಆಡಿದ ಮಾತಿಗೆ ಗ್ಯಾಫ್. ಮೂರನೆಯದು ನಗೆಗಷ್ಟೇ ಹುಟ್ಟಿದವು ಮತ್ತು ಚುಚ್ಚುಮಾತುಗಳಿಗೆ. ಸ್ಟ್ರಾಟೀಜರಿ, ಬಿಗ್ಲಿ, ಮಲಾರ್ಕಿ ಇಲ್ಲಿರಲಿ. ಮೂರನೆಯ ಸಾಲನ್ನು ಅರ್ಥ ಮಾಡಿಕೊಳ್ಳಿ, ಆಡಬೇಡಿ. ಮೊದಲ ಸಾಲಿನ ಪ್ರತಿ ಪದಕ್ಕೂ ನಿಮ್ಮ ಕೆಲಸದಿಂದಲೇ ಒಂದು ವಾಕ್ಯ ಕಟ್ಟಿ, ಗಟ್ಟಿಯಾಗಿ ಹೇಳಿಕೊಳ್ಳಿ. ವಾರಕ್ಕೆ ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ. ಕೊನೆಗೆ, ಊರಿಗೆ ಫೋನ್ ಮಾಡಿದಾಗ ಆ ಅಣಕಕ್ಕೆ ಜನ ಯಾಕೆ ನಕ್ಕರೆಂದು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ. ವಿವರಿಸಲು ಬಂದರೆ ಆ ಪದ ನಿಮ್ಮದಾಯಿತು.

ಇನ್ನೊಂದು ಎಚ್ಚರಿಕೆ. ಅಣಕದ ಮಾತನ್ನು ಆ ರಾಜಕಾರಣಿಯದೇ ಮಾತೆಂದು ನಂಬಬೇಡಿ. ಮನೆಯಿಂದಲೇ ರಷ್ಯಾ ಕಾಣುತ್ತದೆ ಎಂದು ಅಲಾಸ್ಕಾದ ಅಂದಿನ ಗವರ್ನರ್, ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಹೇಳಿದರೆಂದು ಇವತ್ತಿಗೂ ಎಷ್ಟೋ ಜನ ತಿಳಿದಿದ್ದಾರೆ. 2008ರಲ್ಲಿ ಹಾಗೆಂದದ್ದು ಪೇಲಿನ್ ವೇಷದಲ್ಲಿದ್ದ ನಟಿ ಟೀನಾ ಫೇ. ಅಲಾಸ್ಕಾದ ನೆಲದಿಂದ ರಷ್ಯಾ ಕಾಣುತ್ತದೆ ಎಂಬುದಷ್ಟೇ ಪೇಲಿನ್ ಆಡಿದ ಮಾತು.

ಸಹೋದ್ಯೋಗಿಗಳು ನಗುವಾಗ ಅರ್ಥವಾಗದಿದ್ದರೆ ‘ಇದು ಯಾವ ಚರ್ಚೆಯದು?’ ಎಂದು ಕೇಳಿ. ತಮಗೆ ಇಷ್ಟವಾದ ಹಾಸ್ಯವನ್ನು ವಿವರಿಸುವುದೆಂದರೆ ಜನರಿಗೆ ಖುಷಿ. ನಗುತ್ತಿದ್ದವರಲ್ಲಿ ಒಬ್ಬಿಬ್ಬರಿಗೂ ಅದು ಪೂರ್ತಿ ತಿಳಿದಿಲ್ಲವೆಂಬುದು ಹೊರಬರಬಹುದು.

ಉಳಿದದ್ದು ಮ್ಯಾನೇಜರ್ ವಿಷಯ. ನಾಳೆಯೇ ಅವರೊಬ್ಬರೇ ಇರುವಾಗ ಹೋಗಿ, ಆ ದಿನ ಬಳಸಿದ ಪದದ ಗಡಸುತನ ನನಗೆ ಗೊತ್ತಿರಲಿಲ್ಲ, ಅಂಕಿ ತಾಳೆಯಾಗುತ್ತಿಲ್ಲ ಎನ್ನುವುದಷ್ಟೇ ನನ್ನ ಉದ್ದೇಶವಾಗಿತ್ತು ಎಂದು ಹೇಳಿ. ಎರಡು ವಾಕ್ಯ ಸಾಕು, ಉದ್ದದ ಕ್ಷಮಾಪಣೆ ಬೇಡ. ಹೇಳುವಾಗ ಆ ವರದಿಯನ್ನೂ ಕೈಯಲ್ಲಿ ಹಿಡಿದು ಹೋಗಿ, ಏಕೆಂದರೆ ಅಂಕಿ ತಪ್ಪಿರುವುದನ್ನು ಕಂಡುಹಿಡಿದದ್ದು ನೀವು. ಪದ ತಪ್ಪಿತ್ತು, ಲೆಕ್ಕ ತಪ್ಪಿರಲಿಲ್ಲ.

ಆದ್ದರಿಂದ ಮೀಟಿಂಗ್‌ಗಳಲ್ಲಿ ಬಾಯಿ ಮುಚ್ಚಿ ಕೂರಬೇಡಿ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಮೌನವೇ. ಚುನಾವಣಾ ಚರ್ಚೆಗಳಿಂದ ನೀವು ಕಲಿಯಬೇಕಾದ ಮುಖ್ಯ ಇಂಗ್ಲಿಷ್ ಎಂದರೆ ಒಪ್ಪದಿದ್ದಾಗ ಅದನ್ನು ಹೇಳುವ ಬಗೆ: ‘ಐ ಸೀ ಇಟ್ ಡಿಫರೆಂಟ್ಲಿ’, ‘ಲೆಟ್ ಮಿ ಫಿನಿಶ್’, ‘ದಿ ನಂಬರ್ಸ್ ಡೋಂಟ್ ಮ್ಯಾಚ್’. ಈ ಮೂರನ್ನು ಇವತ್ತೇ ಕಲಿಯಿರಿ. ಮುಂದಿನ ವರದಿಯಲ್ಲಿ ಅಂಕಿ ತಾಳೆಯಾಗದಿದ್ದರೆ ಮೊದಲು ಕೈ ಎತ್ತುವವರು ನೀವೇ ಆಗಿರಬೇಕು.