ಇಂದಿನ ಚಿಂತನೆ: ಫಾರ್ವರ್ಡ್ ಮಾಡುವ ಬೆರಳಿಗೂ ಶೀಲ ಬೇಕು

  

ಇಂದಿನ ವಿಷಯ ಮಾಧ್ಯಮ ಮತ್ತು ಸಮಾಜ. ಮಾಧ್ಯಮ ಎಂದರೆ ಟಿ.ವಿ., ಪತ್ರಿಕೆ ಎಂದು ನಾನೂ ಬಹಳ ದಿನ ತಿಳಿದಿದ್ದೆ. ನಾನೂ ಒಂದು ಮಾಧ್ಯಮ ಎಂಬುದು ಗೊತ್ತಾದದ್ದು ಒಂದು ತಪ್ಪು ಮಾಡಿದ ಮೇಲೆ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಬೆಳಗಾವಿಯಲ್ಲಿದ್ದು ದಿನಾಲೂ ಬಸ್ಸಿನಲ್ಲಿ ಖಾನಾಪುರ ತಾಲ್ಲೂಕಿನ ಶಾಲೆಗೆ ಹೋಗಿಬರುವವಳು. ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಸಂಬಂಧಿಕರ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಬೈಕಿನ ಹಿಂದೆ ಚೀಲ ಕಟ್ಟಿಕೊಂಡ ಒಬ್ಬ ಮನುಷ್ಯ. ಕೆಳಗೆ, ಮಕ್ಕಳ ಕಳ್ಳರು ಖಾನಾಪುರದ ಕಡೆ ಬಂದಿದ್ದಾರೆ, ಎಚ್ಚರ ಎಂಬ ಬರಹ. ನನ್ನ ಶಾಲೆಯ ಮಕ್ಕಳು ಕಣ್ಣ ಮುಂದೆ ಬಂದರು. ಎರಡನೆಯ ಸಲ ಓದದೆ ಪಾಲಕರ ಗ್ರೂಪಿಗೆ ಕಳಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದು ಮಲಗಿದೆ.

ನಾಲ್ಕು ದಿನ ಬಿಟ್ಟು ಏಳನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಟೀಚರ್, ನೀವು ಗ್ರೂಪಿನ್ಯಾಗ ಹಾಕಿದ ಫೋಟೊದಾಗ ಇರಾವ್ರು ನಮ್ಮ ಕಾಕಾ ರೀ."

ಅವಳ ಕಾಕಾ ಊರೂರು ತಿರುಗಿ ಗುಜರಿ ಸಾಮಾನು ಕೊಳ್ಳುವವರು. ವಾರದ ಸಂತೆಯಲ್ಲಿ ಜನ ಅವರನ್ನು ಹಿಡಿದು, ಬೈಕಿನ ಕೀಲಿ ಕಿತ್ತುಕೊಂಡು, ಹೊಡೆದಿದ್ದರು. ಪರಿಚಯದವರೊಬ್ಬರು ಗುರುತು ಹಿಡಿದದ್ದರಿಂದ ಜೀವ ಉಳಿಯಿತು. ಸಂಜೆ ಅವರ ಮನೆಗೆ ಹೋದೆ. ತುಟಿಯ ಬಾವು ಇನ್ನೂ ಇಳಿದಿರಲಿಲ್ಲ. ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಇರ್ಲಿ ಬಿಡ್ರಿ ಟೀಚರ್. ಆದ್ರ ನಾ ಆ ಕಡೆ ನಾಕ ಹಳ್ಳಿಗೆ ಹೋಗೂದು ಬಿಟ್ಟೇನ್ರಿ" ಅಂದರು. ಹುಡುಗಿಯ ತಾಯಿ ಹೇಳಿದ ಮಾತು ಮಾತ್ರ ಇಂದಿಗೂ ಚುಚ್ಚುತ್ತದೆ. "ಯಾರ್ಯಾರೋ ಕಳಿಸಿದ್ರ ಮಂದಿ ನಂಬ್ತಿರ್ಲಿಲ್ಲೇನೊ ರೀ. ಟೀಚರ್ ಹಾಕ್ಯಾರ ಅಂದ್ರ ಖರೇನ ಇರತೈತಿ ಅಂದ್ರು."

ಅಂದು ರಾತ್ರಿಯೇ ಆ ಸುದ್ದಿ ಸುಳ್ಳೆಂದು ಅದೇ ಗ್ರೂಪಿನಲ್ಲಿ ಬರೆದೆ. ಫೋಟೊ ಎಷ್ಟು ಊರಿಗೆ ಹೋಗಿತ್ತೋ ಲೆಕ್ಕವಿಲ್ಲ. ನನ್ನ ತಿದ್ದುಪಡಿ ಯಾವ ಊರಿಗೂ ಹೋಗಲಿಲ್ಲ.

ಅಂಗುತ್ತರ ನಿಕಾಯದ ಕಾಲಾಮ ಸುತ್ತವನ್ನು ನಾವೆಲ್ಲ ಓದಿದ್ದೇವೆ. ಕೇಸಪುತ್ತದ ಕಾಲಾಮರು ಬುದ್ಧರಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ನಮ್ಮೂರಿಗೆ ಬರುವ ಒಬ್ಬೊಬ್ಬರೂ ತಮ್ಮದೇ ಸರಿ, ಉಳಿದವರದು ಸುಳ್ಳು ಅನ್ನುತ್ತಾರೆ, ಯಾರನ್ನು ನಂಬಬೇಕು ಎಂದು. ಇಂದಿನ ನಮ್ಮ ಪಾಡೂ ಅದೇ. ಅವರು ಸಂಶಯಪಟ್ಟದ್ದು ಸರಿಯಾಗಿಯೇ ಇದೆ ಎಂದು ಬುದ್ಧರು ಮೊದಲು ಒಪ್ಪುತ್ತಾರೆ. ಆಮೇಲೆ ಯಾವುದನ್ನು ಆಧಾರವೆಂದು ಹಿಡಿಯಬಾರದು ಎಂದು ಹತ್ತು ಸಂಗತಿ ಹೇಳುತ್ತಾರೆ. ಮೊದಲನೆಯದು, ಕಿವಿಯಿಂದ ಕಿವಿಗೆ ಬಂದ ಮಾತು. ಇದು ಎಲ್ಲರಿಗೂ ನೆನಪಿರುತ್ತದೆ. ಕೊನೆಯದನ್ನು ಮರೆಯುತ್ತೇವೆ: ಹೇಳುವವರು ನಮ್ಮ ಗುರುಗಳು ಎಂಬ ಒಂದೇ ಕಾರಣಕ್ಕೆ ನಂಬಬಾರದು. ಆ ತಾಯಿ ಹೇಳಿದ್ದು ಅದನ್ನೇ. ಸುಳ್ಳಿಗೆ ಕಾಲು ಕೊಟ್ಟದ್ದು ನನ್ನ ಮೇಲೆ ಜನ ಇಟ್ಟಿದ್ದ ವಿಶ್ವಾಸ.

ನನ್ನ ತಪ್ಪು ಒಂದು ತುಟಿ ಒಡೆಯುವಲ್ಲಿಗೆ ನಿಂತಿತು. ಎಲ್ಲ ಕಡೆ ಹಾಗೆ ನಿಲ್ಲಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂದು ಬಿಗಿ ಮಾಡಿತು. ಕಂಪನಿ ಹಾಕುವ ಮಿತಿ ಎಷ್ಟು ಕಡೆ ಎಂಬುದನ್ನು ಮಾತ್ರ ನೋಡುತ್ತದೆ. ಕಳಿಸಬೇಕೋ ಬೇಡವೋ ಎಂಬುದನ್ನು ನಮ್ಮ ಶೀಲವೇ ನೋಡಬೇಕು.

ಹಾಗೆಂದು ಮಾಧ್ಯಮವೇ ಕೆಟ್ಟದ್ದು ಎಂದರೆ ನಾವು ಬಾಬಾಸಾಹೇಬರನ್ನು ಓದಿಲ್ಲ ಎಂದಾಗುತ್ತದೆ. 1920ರ ಜನವರಿ 31ರಂದು ಅವರು 'ಮೂಕನಾಯಕ' ಆರಂಭಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಹಣ ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲು ಆಗಿನ ದೊಡ್ಡ ಪತ್ರಿಕೆ 'ಕೇಸರಿ' ಒಪ್ಪಲಿಲ್ಲ. ದೊಡ್ಡ ಪತ್ರಿಕೆಗಳಲ್ಲಿ ಜಾಗವಿಲ್ಲದ ಜನ ಸಮಾಜದ ಲೆಕ್ಕದಲ್ಲೇ ಇಲ್ಲದವರಾಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಸೋಲದೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ' ತಂದರು. 1956ರಲ್ಲಿ 'ಜನತಾ'ದ ಹೆಸರು 'ಪ್ರಬುದ್ಧ ಭಾರತ' ಎಂದಾಯಿತು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದ ದೀಕ್ಷೆ. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಮೂಕ, ಬಹಿಷ್ಕೃತ, ಜನತೆ, ಪ್ರಬುದ್ಧ. ಮಾತೇ ಇಲ್ಲದವರು ಎಚ್ಚೆತ್ತವರಾಗುವ ದಾರಿ ಅದರಲ್ಲಿದೆ. ಒಂದು ಪತ್ರಿಕೆ ನಡೆಸಲು ಬಾಬಾಸಾಹೇಬರು ಹಣಕ್ಕಾಗಿ ಎಷ್ಟು ಒದ್ದಾಡಿದರು! ನಮ್ಮ ಒಬ್ಬೊಬ್ಬರ ಕೈಯಲ್ಲೂ ಈಗ ಒಂದು ಪತ್ರಿಕೆ ಇದೆ. ಅದರಲ್ಲಿ ನಾವು ಅಚ್ಚು ಹಾಕುತ್ತಿರುವುದು ಏನು?

ಬೆಳಗಾವಿಯವರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 2025ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಭಾಷೆಯ ವಿಷಯಕ್ಕೆ ಬಸ್ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು. ಎರಡು ರಾಜ್ಯಗಳ ನಡುವೆ ಬಸ್ ಸಂಚಾರವೇ ಕೆಲವು ದಿನ ಅಸ್ತವ್ಯಸ್ತವಾಯಿತು. ಆ ದಿನಗಳಲ್ಲಿ ನನ್ನ ಕನ್ನಡ ಗ್ರೂಪಿಗೂ ಮರಾಠಿ ಗೆಳತಿಯರ ಗ್ರೂಪಿಗೂ ಸಿಟ್ಟಿನ ಸಂದೇಶಗಳು ಬಂದವು. ಒಂದರಲ್ಲಿ ಅವರು ಕೆಟ್ಟವರು, ಇನ್ನೊಂದರಲ್ಲಿ ನಾವು ಕೆಟ್ಟವರು. ಆದರೆ ನನ್ನ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳೇ ನನ್ನ ಬಳಿ ಕನ್ನಡ ಕಲಿಯುತ್ತಾರೆ. ಹಲ್ಲೆ ತಪ್ಪು ಎಂದು ಹೇಳಲು ಒಂದು ಭಾಷೆಯ ಜನರನ್ನೇ ದ್ವೇಷಿಸಬೇಕಾಗಿಲ್ಲ. ಸಮ್ಮಾವಾಚಾದಲ್ಲಿ ಬಿಡಬೇಕಾದ ನಾಲ್ಕರಲ್ಲಿ ಎರಡನೆಯದು ಪಿಸುಣಾವಾಚಾ, ಚಾಡಿ. ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳಿ ಇಬ್ಬರನ್ನು ಒಡೆಯುವ ಮಾತು. ಮಾತು ನಿಜವೇ ಇದ್ದರೂ ಒಡೆಯಲೆಂದೇ ಒಯ್ದರೆ ಅದು ಚಾಡಿಯೇ.

ಕಾಲಾಮರಿಗೆ ಬುದ್ಧರು ಕೇಳಿದ ಪ್ರಶ್ನೆ ಇದು: ಲೋಭ, ದ್ವೇಷ, ಮೋಹ ಮನಸ್ಸಿನಲ್ಲಿ ಎದ್ದರೆ ಅದು ಹಿತಕ್ಕೋ ಅಹಿತಕ್ಕೋ? ಇದನ್ನೇ ಇಂದಿನ ಅಭ್ಯಾಸ ಮಾಡಿಕೊಳ್ಳೋಣ. ಯಾವುದೇ ಸಂದೇಶ ಮುಂದೆ ಕಳಿಸುವ ಮೊದಲು ಮೂರು ಉಸಿರು ನಿಲ್ಲೋಣ.

1. ಇದು ನಿಜವೆಂದು ನನಗೆ ಗೊತ್ತೇ, ಅಥವಾ ಕಳಿಸಿದವರು ನಮ್ಮವರು ಎಂದು ನಂಬಿದ್ದೇನೆಯೇ?

2. ಓದಿದಾಗ ನನ್ನೊಳಗೆ ಎದ್ದದ್ದು ಕರುಣೆಯೇ, ಸಿಟ್ಟೇ, ಭಯವೇ?

3. ಫೋಟೊದಲ್ಲಿರುವ ಮನುಷ್ಯ ನನ್ನ ವಿದ್ಯಾರ್ಥಿಯ ಕಾಕಾ ಆಗಿದ್ದರೆ ಕಳಿಸುತ್ತಿದ್ದೆನೇ?

ಮೂರನೆಯ ಪ್ರಶ್ನೆ ಯಾವ ಸುತ್ತದಲ್ಲೂ ಇಲ್ಲ. ಆ ಹುಡುಗಿ ನನಗೆ ಕಲಿಸಿದ್ದು.

ಈ ಬರಹವನ್ನೂ ಓದಿದ ಕೂಡಲೇ ಮುಂದೆ ಕಳಿಸಬೇಡಿ. ಮೊದಲು ಒಮ್ಮೆ ಪರೀಕ್ಷಿಸಿ. ಸರಿ ಅನ್ನಿಸಿದರೆ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ.